ಕೈಗಾರಿಕಾ ದ್ರಾವಕಗಳು ಮತ್ತು ಸಿಹಿನೀರು ಮೀನುಗಳು: ಅಲ್ಪಾವಧಿ ವಿಷತ್ವ ಪರೀಕ್ಷೆಯ ವಿವೇಚನೆ (ಚಾಮರಾಜನಗರ – ಗುಂಡ್ಲುಪೇಟೆಯ ಕೆರೆಗಳ ಹಿನ್ನೆಲೆಯಲ್ಲಿ)

ಪೀಠಿಕೆ

ಕೆರೆಯೊಂದರಲ್ಲಿ ಮೀನುಗಳು ಸತ್ತು ತೇಲಿದಾಗ ಊರಿನವರು ಮೊದಲು ಕೇಳುವುದು ನೀರಿಗೆ ಏನು ಸೇರಿತು ಎಂಬುದನ್ನು. ವಿಷವಿಜ್ಞಾನವು ಇದಕ್ಕೆ ಇನ್ನೆರಡು ಪ್ರಶ್ನೆಗಳನ್ನು ಕೂಡಿಸುತ್ತದೆ: ಎಷ್ಟು ಸೇರಿತು, ಎಷ್ಟು ಹೊತ್ತು ನೀರಿನಲ್ಲಿ ಉಳಿಯಿತು. ಈ ಮೂರಕ್ಕೂ ಉತ್ತರ ದೊರೆತಾಗಲೇ ಸಾವಿನ ಕಾರಣವನ್ನು ಖಚಿತವಾಗಿ ಹೇಳಲು ಸಾಧ್ಯ. ಅಲ್ಪಾವಧಿ ವಿಷತ್ವ ಪರೀಕ್ಷೆ ಬಳಕೆಗೆ ಬಂದದ್ದು ಈ ಅಗತ್ಯದಿಂದ. ನಿರ್ದಿಷ್ಟ ಜಾತಿಯ ಮೀನುಗಳನ್ನು ರಾಸಾಯನಿಕವೊಂದರ ಬೇರೆ ಬೇರೆ ಸಾರತೆಗಳಲ್ಲಿ 96 ಗಂಟೆಗಳ ಕಾಲ ಇರಿಸಿ, ಅವುಗಳಲ್ಲಿ ಅರ್ಧದಷ್ಟು ಮೀನುಗಳ ಸಾವಿಗೆ ಕಾರಣವಾಗುವ ಸಾರತೆಯನ್ನು ಕಂಡುಕೊಳ್ಳುವುದು ಈ ಪರೀಕ್ಷೆಯ ತಿರುಳು. ಇದನ್ನು ಕನ್ನಡದಲ್ಲಿ ಅರ್ಧಮಾರಕ ಸಾರತೆ ಎನ್ನಬಹುದು. ವೈಜ್ಞಾನಿಕ ಬರಹಗಳಲ್ಲಿ ಎಲ್‌ಸಿ50 ಎಂಬ ಸಂಕೇತ ರೂಢಿಯಲ್ಲಿದೆ.

ಕೀಟನಾಶಕ, ಸಯನೈಡ್ ಮೊದಲಾದವು ಸಿಹಿನೀರು ಮೀನುಗಳ ಮೇಲೆ ಉಂಟುಮಾಡುವ ವಿಷತ್ವವನ್ನು ಕುರಿತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗವೂ ಸೇರಿದಂತೆ ರಾಜ್ಯದಲ್ಲಿ ಗಣನೀಯ ಅಧ್ಯಯನಗಳು ನಡೆದಿವೆ. ಕೈಗಾರಿಕಾ ದ್ರಾವಕಗಳ ಸ್ವಭಾವ ಇವುಗಳಿಗಿಂತ ಭಿನ್ನವಾದುದು. ಅವುಗಳಲ್ಲಿ ಹಲವು ಪರೀಕ್ಷೆಯ ತೊಟ್ಟಿಯಿಂದಲೇ ಆವಿಯಾಗಿ ಹೋಗುತ್ತವೆ. ಹೀಗಾಗಿ ನೀರಿಗೆ ಹಾಕಿದ ಪ್ರಮಾಣಕ್ಕೂ ಮೀನಿಗೆ ತಗುಲಿದ ಪ್ರಮಾಣಕ್ಕೂ ಅಂತರವಿರುತ್ತದೆ. ಆ ಅಂತರವನ್ನು ಅಳೆಯದೆ ಪಡೆದ ಅಂಕಿಯು ದ್ರಾವಕವನ್ನು ಅದು ಇರುವುದಕ್ಕಿಂತ ನಿರುಪದ್ರವಿಯೆಂದು ತೋರಿಸುತ್ತದೆ. ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಕೆರೆಗಳನ್ನು ಎದುರಿಗಿಟ್ಟುಕೊಂಡು ಈ ಪರೀಕ್ಷೆಯ ವಿಧಾನ, ಅದರ ತೊಡಕು ಹಾಗೂ ಅದರ ಫಲಿತಾಂಶವನ್ನು ಅರ್ಥೈಸಬೇಕಾದ ಬಗೆಯನ್ನು ಇಲ್ಲಿ ವಿವೇಚಿಸಲಾಗಿದೆ.

ಪ್ರದೇಶದ ಜಲಸ್ವರೂಪ

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಚಾಮರಾಜನಗರ ಜಿಲ್ಲೆಯ ಈ ಎರಡು ತಾಲ್ಲೂಕುಗಳು ಮಳೆನೆರಳಿನ ಸೀಮೆಗೆ ಸೇರಿದವು. ಸುವರ್ಣಾವತಿಯು ಕಾವೇರಿಯನ್ನು ಸೇರುತ್ತದೆ. ಕೌಂಡಿನ್ಯ ಎಂದೂ ಹೆಸರಾದ ಗುಂಡ್ಲುಹೊಳೆಯು ನಂಜನಗೂಡಿನಲ್ಲಿ ಕಪಿಲೆಯನ್ನು ಕೂಡುತ್ತದೆ. ಸುವರ್ಣಾವತಿ ಮತ್ತು ಚಿಕ್ಕಹೊಳೆ ಜಲಾಶಯಗಳನ್ನು ಬಿಟ್ಟರೆ ಇಲ್ಲಿನ ಬೇಸಾಯಕ್ಕೆ ಕೆರೆ ಮತ್ತು ಕೊಳವೆಬಾವಿಗಳೇ ಆಸರೆ. ನಂಜನಗೂಡು ತಾಲ್ಲೂಕಿನ ಆಲಂಬೂರಿನ ಬಳಿ ಕಬಿನಿಯಿಂದ ನೀರನ್ನು ಮೇಲೆತ್ತಿ ಈ ಭಾಗದ ಕೆರೆಗಳನ್ನು ತುಂಬಿಸುವ ಯೋಜನೆಯು ಒಣಗಿದ್ದ ಹಲವು ಕೆರೆಗಳಿಗೆ ಜೀವ ನೀಡಿತು. ನೀರು ಬಂದ ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮರಿಗಳನ್ನು ಬಿತ್ತಿ ಬೆಳೆಸುವುದು ಸಾಧ್ಯವಾಗುತ್ತದೆ. ಬಿತ್ತದೆಯೂ ಬೆಳೆಯುವ ಜಿಲೇಬಿ, ಕೊರವ ಮೀನುಗಳೂ ಇಂಥ ಕೆರೆಗಳಲ್ಲಿ ಇರುತ್ತವೆ.

ಗುಂಡ್ಲುಪೇಟೆ ತಾಲ್ಲೂಕಿನ ನೀರಿನ ವಿಚಾರವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಭಾರತ–ಫ್ರಾನ್ಸ್ ಜಲವಿಜ್ಞಾನ ಘಟಕಗಳ ದೀರ್ಘಕಾಲದ ವೀಕ್ಷಣೆ ಲಭ್ಯವಿದೆ. ಬಂಡೀಪುರ ಕಾಡಿನ ಮೂಲೆಹೊಳೆಯಲ್ಲಿ 2003ರಿಂದಲೂ, ಆ ಬಳಿಕ ಸುಮಾರು 84 ಚದರ ಕಿಲೋಮೀಟರ್ ವಿಸ್ತಾರದ ಬೇರಂಬಾಡಿ ಜಲಾನಯನದಲ್ಲೂ ಮಳೆ, ಮಣ್ಣು, ಅಂತರ್ಜಲಗಳ ಅಳತೆ ನಡೆದುಬಂದಿದೆ. ಕೊಳವೆಬಾವಿಗಳ ಅತಿಬಳಕೆಯಿಂದ ಅಂತರ್ಜಲ ಮಟ್ಟವು ಹಳ್ಳಗಳ ತಳಕ್ಕಿಂತ ಕೆಳಗೆ ಇಳಿದಿರುವುದನ್ನೂ, ರಸಗೊಬ್ಬರದ ನೈಟ್ರೇಟು ಅನೇಕ ಬಾವಿಗಳಲ್ಲಿ ಮಿತಿಮೀರಿರುವುದನ್ನೂ ಈ ಅಧ್ಯಯನಗಳು ತೋರಿಸಿವೆ. ಹಳ್ಳಕ್ಕೆ ಅಂತರ್ಜಲದ ಒರತೆ ಇಲ್ಲವಾದಾಗ ಮಳೆ ನಿಂತೊಡನೆ ಹರಿವೂ ನಿಲ್ಲುತ್ತದೆ. ಹರಿವಿಲ್ಲದ ಕಡೆ ಮಾಲಿನ್ಯವನ್ನು ತೆಳುಗೊಳಿಸುವ ನೀರಿಲ್ಲ. ತುಂಬು ನದಿಗೆ ಸೇರಿದ ವಸ್ತು ಹರಿದು ಹಂಚಿಹೋಗುತ್ತದೆ. ಕೋಡಿ ಬೀಳದ ಕೆರೆಗೆ ಸೇರಿದ ವಸ್ತು ಆವಿಯಾಗುವವರೆಗೆ ಅಥವಾ ಕೊಳೆತು ಕರಗುವವರೆಗೆ ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಈ ಸೀಮೆಯ ಕೆರೆಗಳಿಗೆ ಅಲ್ಪಾವಧಿ ವಿಷತ್ವದ ಪ್ರಶ್ನೆ ಬರಿಯ ಪ್ರಯೋಗಶಾಲೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ದ್ರಾವಕಗಳು ನೀರನ್ನು ಸೇರುವ ದಾರಿಗಳು

ಎಣ್ಣೆ, ರಾಳ, ಬಣ್ಣ, ಔಷಧಿಗಳನ್ನು ಕರಗಿಸಲು ಬಳಸುವ ಸಾವಯವ ದ್ರವಗಳನ್ನು ಕೈಗಾರಿಕಾ ದ್ರಾವಕಗಳೆಂದು ಕರೆಯುತ್ತಾರೆ. ಮೆಥನಾಲ್, ಅಸಿಟೋನ್, ಟಾಲೀನ್, ಕ್ಸೈಲೀನ್, ಡೈಕ್ಲೋರೋಮೀಥೇನ್, ಟ್ರೈಕ್ಲೋರೋಎಥಿಲೀನ್ ಇವು ಹೆಚ್ಚು ಬಳಕೆಯಲ್ಲಿರುವಂಥವು. ಚಾಮರಾಜನಗರ ತಾಲ್ಲೂಕಿನ ಬದನಗುಪ್ಪೆ–ಕೆಲ್ಲಂಬಳ್ಳಿಯಲ್ಲಿ ಸಾವಿರ ಎಕರೆಗೂ ಮಿಕ್ಕಿದ ಕೈಗಾರಿಕಾ ಪ್ರದೇಶ ರೂಪುಗೊಂಡಿರುವುದರಿಂದ ಇವುಗಳ ಪರಿಚಯ ಇಲ್ಲಿಯ ಜಲಸಂಶೋಧಕರಿಗೆ ಅವಶ್ಯಕ. ಆದರೆ ದ್ರಾವಕವು ಕಾರ್ಖಾನೆಯ ಕೊಳವೆಯಿಂದ ಮಾತ್ರ ಬರುತ್ತದೆಂದು ತಿಳಿಯುವಂತಿಲ್ಲ. ಬಣ್ಣಕ್ಕೆ ಬೆರೆಸುವ ಥಿನ್ನರ್‌ನಲ್ಲಿ ಅದು ಇದೆ. ಹೊಲದ ಬದುವಿನವರೆಗೂ ಅದು ತಲುಪುವುದು ಕೀಟನಾಶಕದ ಡಬ್ಬಿಯಲ್ಲಿ. ನೀರಿಗೆ ಬೆರೆಸಿದಾಗ ಹಾಲಿನಂತಾಗುವ, ಡಬ್ಬಿಯ ಮೇಲೆ ‘ಇ.ಸಿ.’ ಎಂದು ನಮೂದಾಗಿರುವ ಕೀಟನಾಶಕಗಳಲ್ಲಿ ಮೂಲ ವಿಷವನ್ನು ಕರಗಿಸಿಡಲು ಕ್ಸೈಲೀನ್ ಜಾತಿಯ ದ್ರಾವಕಗಳನ್ನು ಬಳಸುವ ರೂಢಿಯಿದೆ.

ಒಂದು ಲೆಕ್ಕವನ್ನು ಗಮನಿಸಬಹುದು. ಒಂದು ಲೀಟರ್ ಕೀಟನಾಶಕದಲ್ಲಿ ಅರ್ಧ ಲೀಟರ್ ಕ್ಸೈಲೀನ್ ಇದೆಯೆಂದು ಭಾವಿಸಿದರೆ ಅದರ ತೂಕ ಸುಮಾರು 435 ಗ್ರಾಂ. ಕೃಷಿಭಾಗ್ಯ ಯೋಜನೆ 2014ರಲ್ಲಿ ಆರಂಭವಾದ ಮೇಲೆ ರಾಜ್ಯದ ಒಣಭೂಮಿಯಲ್ಲಿ ಕೃಷಿಹೊಂಡಗಳು ಹೆಚ್ಚಿದವು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಹೊಂಡದಲ್ಲಿ ಬೇಸಿಗೆಗೆ ಮೊಣಕಾಲುದ್ದ ನೀರು ಉಳಿದಿದ್ದರೆ ಅದು ಸುಮಾರು 45,000 ಲೀಟರ್. ಡಬ್ಬಿಯ ದ್ರವವೆಲ್ಲ ಅದಕ್ಕೆ ಚೆಲ್ಲಿದರೆ ಲೀಟರ್ ನೀರಿಗೆ ಸುಮಾರು 10 ಮಿಲಿಗ್ರಾಂ ಕ್ಸೈಲೀನ್ ಸೇರಿದಂತಾಗುತ್ತದೆ. ಇದು ಹಲವು ಮೀನುಗಳಿಗೆ ಮಾರಕವಾಗಬಲ್ಲ ಸಾರತೆ. ಅದೇ ಡಬ್ಬಿ ಹತ್ತು ಹೆಕ್ಟೇರ್ ವಿಸ್ತಾರದ, ಸರಾಸರಿ ಒಂದು ಮೀಟರ್ ಆಳದ ಕೆರೆಗೆ ಬಿದ್ದರೆ ಸಾರತೆ ಲೀಟರಿಗೆ 0.005 ಮಿಲಿಗ್ರಾಂ ಮುಟ್ಟದು. ಬೀಳುವ ವಸ್ತುವಿನಷ್ಟೇ ನೀರಿನ ಗಾತ್ರವೂ ಮೀನಿನ ಅಳಿವು ಉಳಿವನ್ನು ನಿರ್ಣಯಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕರಗಿರುವ ಕೀಟನಾಶಕವು ದ್ರಾವಕಕ್ಕಿಂತ ಬಹುಪಾಲು ಹೆಚ್ಚು ವಿಷಕರವೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಆದ್ದರಿಂದಲೇ ಇ.ಸಿ. ರೂಪದ ಕೀಟನಾಶಕವನ್ನು ಪರೀಕ್ಷಿಸುವಾಗ ಬರಿಯ ದ್ರಾವಕವನ್ನು ಹಾಕಿದ ತೊಟ್ಟಿಯೊಂದನ್ನು ಪ್ರತ್ಯೇಕವಾಗಿ ಇಡಬೇಕು. ಹಾಗೆ ಇಡದಿದ್ದರೆ ಮೀನನ್ನು ಕೊಂದದ್ದು ಯಾವುದೆಂದು ತಿಳಿಯುವುದಿಲ್ಲ.

ಮೀನಿನ ದೇಹದಲ್ಲಿ ದ್ರಾವಕದ ಕ್ರಿಯೆ

ಬಹುತೇಕ ದ್ರಾವಕಗಳು ಮೀನಿನ ಮೇಲೆ ಅರಿವಳಿಕೆಯಂತೆ ವರ್ತಿಸುತ್ತವೆ. ಕಿವಿರುಗಳ ಮೂಲಕ ರಕ್ತವನ್ನು ಸೇರಿ, ಜೀವಕೋಶಗಳ ಕೊಬ್ಬಿನ ಪೊರೆಗಳಲ್ಲಿ ಕರಗಿ, ನರಗಳ ಕೆಲಸವನ್ನು ಕುಂದಿಸುತ್ತವೆ. ವಸ್ತುವು ಕೊಬ್ಬಿನಲ್ಲಿ ಎಷ್ಟು ಸುಲಭವಾಗಿ ಕರಗುತ್ತದೆಯೋ ಅಷ್ಟು ಬಲವಾಗಿ ಅರಿವಳಿಕೆ ಉಂಟುಮಾಡುತ್ತದೆಯೆಂಬ ನಿಯಮವನ್ನು ಮೇಯರ್ ಮತ್ತು ಓವರ್‌ಟನ್ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕಂಡುಕೊಂಡಿದ್ದರು. 1981ರಲ್ಲಿ ಕ್ಯೋನೆಮನ್ ಐವತ್ತು ಕೈಗಾರಿಕಾ ರಾಸಾಯನಿಕಗಳನ್ನು ಗಪ್ಪಿ ಮೀನಿನ ಮೇಲೆ ಪ್ರಯೋಗಿಸಿ ಈ ಸಂಬಂಧ ಮೀನುಗಳಿಗೂ ಅನ್ವಯಿಸುತ್ತದೆಂದು ತೋರಿಸಿದರು.

ಅಮೆರಿಕದ ಪ್ರಯೋಗಶಾಲೆಗಳಲ್ಲಿ ಬಹುವಾಗಿ ಬಳಕೆಯಾದ ಫ್ಯಾಟ್‌ಹೆಡ್ ಮಿನ್ನೋ ಎಂಬ ಚಿಕ್ಕ ಮೀನಿನ 96 ಗಂಟೆಗಳ ಅಂಕಿಗಳು ಇದನ್ನೇ ಹೇಳುತ್ತವೆ. ನೀರಿನಲ್ಲಿ ಪೂರ್ಣವಾಗಿ ಬೆರೆಯುವ ಮೆಥನಾಲ್‌ನ ಅರ್ಧಮಾರಕ ಸಾರತೆ ಲೀಟರಿಗೆ ಸುಮಾರು 28,000 ಮಿಲಿಗ್ರಾಂ, ಅಸಿಟೋನ್‌ನದು ಸುಮಾರು 8,000, ಡೈಕ್ಲೋರೋಮೀಥೇನ್‌ನದು 193, ಟ್ರೈಕ್ಲೋರೋಎಥಿಲೀನ್‌ನದು 40.7, ಕ್ಸೈಲೀನ್‌ಗಳದು ಹತ್ತರಿಂದ ಇಪ್ಪತ್ತರ ಆಸುಪಾಸು. ಅಂಕಿ ಇಳಿದಂತೆ ವಿಷತ್ವ ಹೆಚ್ಚುತ್ತದೆ. ನೀರಿಗೆ ಒಗ್ಗದ ದ್ರಾವಕ ಮೀನಿಗೆ ಹೆಚ್ಚು ಅಪಾಯಕಾರಿ ಎಂಬುದು ಈ ಸಾಲಿನ ಸಾರ.

ವಿಷಕ್ಕೆ ಒಳಗಾದ ಮೀನು ಮೊದಲು ಗಾಬರಿಗೊಂಡಂತೆ ಎತ್ತೆತ್ತಲೋ ಈಜುತ್ತದೆ. ಬಳಿಕ ಸಮತೋಲ ತಪ್ಪಿ ಪಕ್ಕಕ್ಕೆ ವಾಲುತ್ತದೆ, ಕಿವಿರುಮುಚ್ಚಳದ ಬಡಿತ ನಿಧಾನವಾಗುತ್ತದೆ. ಈ ಹಂತದಲ್ಲಿ ಶುದ್ಧ ನೀರಿಗೆ ಬಿಟ್ಟರೆ ಅದು ಚೇತರಿಸಿಕೊಳ್ಳುವುದುಂಟು. ದ್ರಾವಕದ ಕ್ರಿಯೆಯು ಬಹುಮಟ್ಟಿಗೆ ಮೊದಲ ದಿನದಲ್ಲೇ ಮುಗಿಯುವುದರಿಂದ 24 ಗಂಟೆಗಳ ಅಂಕಿಗೂ 96 ಗಂಟೆಗಳ ಅಂಕಿಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಇನ್ನೊಂದು ಸಂಗತಿಯೆಂದರೆ, ನೀರಿನ ಗಡಸುತನವು ಲೋಹಗಳ ವಿಷತ್ವವನ್ನು ಬಹಳ ತಗ್ಗಿಸುತ್ತದೆಯಾದರೂ ಇಂಥ ದ್ರಾವಕಗಳ ಮೇಲೆ ಅದರ ಪರಿಣಾಮ ಅತ್ಯಲ್ಪ. ಈ ಸೀಮೆಯ ಗಡಸು ನೀರು ಸತುವು, ತಾಮ್ರಗಳಿಂದ ಮೀನಿಗೆ ಕೊಡುವ ರಕ್ಷಣೆಯನ್ನು ಕ್ಸೈಲೀನ್‌ನಿಂದ ಕೊಡಲಾರದು.

ಪರೀಕ್ಷೆಯ ಕ್ರಮ

ಒಇಸಿಡಿ ಎಂದು ಪರಿಚಿತವಾದ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 1981ರಲ್ಲಿ ಹೊರಡಿಸಿ, 1992 ಮತ್ತು 2019ರಲ್ಲಿ ಪರಿಷ್ಕರಿಸಿದ 203ನೆಯ ಮಾರ್ಗಸೂಚಿ ಈ ಪರೀಕ್ಷೆಗೆ ಜಗತ್ತಿನಾದ್ಯಂತ ಆಧಾರವಾಗಿದೆ. ಭಾರತವು 2011ರಲ್ಲಿ ಆ ಸಂಘಟನೆಯ ದತ್ತಾಂಶ ಪರಸ್ಪರ ಸ್ವೀಕಾರ ವ್ಯವಸ್ಥೆಯಲ್ಲಿ ಪೂರ್ಣ ಸಹಭಾಗಿಯಾದ ಮೇಲೆ, ಮಾನ್ಯತೆ ಪಡೆದ ನಮ್ಮ ಪ್ರಯೋಗಶಾಲೆಗಳ ಫಲಿತಾಂಶಕ್ಕೆ ಹೊರದೇಶಗಳಲ್ಲೂ ಬೆಲೆ ಬಂದಿತು.

ಮೀನುಗಳನ್ನು ಮೊದಲು ಪ್ರಯೋಗಶಾಲೆಯ ನೀರಿಗೆ ಒಗ್ಗಿಸಬೇಕು. ಆ ಅವಧಿಯಲ್ಲಿ ಸಾವು ಹೆಚ್ಚಾದ ತಂಡವನ್ನು ಕೈಬಿಡಬೇಕು. ಬಳಿಕ ಕನಿಷ್ಠ ಐದು ಸಾರತೆಗಳನ್ನು ಗುಣೋತ್ತರ ಶ್ರೇಣಿಯಲ್ಲಿ ಆರಿಸಿಕೊಳ್ಳಬೇಕು. ಕ್ಸೈಲೀನ್‌ಗಾದರೆ ಲೀಟರಿಗೆ 3.2, 5.6, 10, 18 ಮತ್ತು 32 ಮಿಲಿಗ್ರಾಂ ಯೋಗ್ಯವಾದ ಶ್ರೇಣಿ. ಪ್ರತಿ ಸಾರತೆಗೂ ಏಳು ಮೀನುಗಳಿಗೆ ಕಡಿಮೆಯಿಲ್ಲದಂತೆ ಇರಿಸಿ, ದ್ರಾವಕವಿಲ್ಲದ ನಿಯಂತ್ರಣ ತೊಟ್ಟಿಯೊಂದನ್ನೂ ಇಡಬೇಕು. ಪರೀಕ್ಷೆಯ ಅವಧಿಯಲ್ಲಿ ಆಹಾರ ಕೊಡುವಂತಿಲ್ಲ. 24, 48, 72, 96ನೆಯ ಗಂಟೆಗಳಲ್ಲಿ ಸತ್ತವುಗಳನ್ನು ಎಣಿಸಿ ತೆಗೆಯಬೇಕು. ಬದುಕಿರುವ ಮೀನುಗಳ ನಡವಳಿಕೆಯನ್ನೂ ದಾಖಲಿಸಬೇಕು. ನಿಯಂತ್ರಣ ತೊಟ್ಟಿಯಲ್ಲಿ ಸಾವು ಶೇಕಡಾ 10ನ್ನು ಮೀರಿದರೆ ಪರೀಕ್ಷೆ ಅಸಿಂಧುವಾಗುತ್ತದೆ.

ಸಾರತೆಯ ಲಾಗರಿದಮಿಕ್ ಬೆಲೆಗೆ ಎದುರಾಗಿ ಸಾವಿನ ಪ್ರಮಾಣವನ್ನು ಗುರುತಿಸಿದಾಗ ಇಂಗ್ಲಿಷಿನ ‘ಎಸ್’ ಅಕ್ಷರದಂಥ ವಕ್ರರೇಖೆ ದೊರೆಯುತ್ತದೆ. ಚೆಸ್ಟರ್ ಬ್ಲಿಸ್ 1934ರಲ್ಲಿ ಸೂಚಿಸಿದ, ಫಿನ್ನಿ 1947ರ ತಮ್ಮ ಗ್ರಂಥದಲ್ಲಿ ಬೆಳೆಸಿದ ಪ್ರಾಬಿಟ್ ವಿಧಾನವು ಈ ವಕ್ರರೇಖೆಯನ್ನು ಸರಳರೇಖೆಯಾಗಿಸಿ ಅರ್ಧಮಾರಕ ಸಾರತೆಯನ್ನು ಅದರ ವಿಶ್ವಾಸ ಮಿತಿಗಳ ಸಹಿತ ಒದಗಿಸುತ್ತದೆ. ವಿಶ್ವಾಸ ಮಿತಿಗಳಿಲ್ಲದ ಅಂಕಿಯನ್ನು ಹೋಲಿಕೆಗೆ ಬಳಸುವುದು ಸಲ್ಲದು.

ಆವಿಯಾಗುವ ವಸ್ತುವಿನ ತೊಡಕು

ಈವರೆಗಿನ ಕ್ರಮ ಎಲ್ಲ ರಾಸಾಯನಿಕಗಳಿಗೂ ಸಮಾನ. ದ್ರಾವಕದ ವಿಶೇಷ ತೊಡಕು ಇಲ್ಲಿಂದ ಮುಂದಿನದು. ಇಪ್ಪತ್ತು ಲೀಟರ್ ನೀರಿನ ತೊಟ್ಟಿಯಲ್ಲಿ ಲೀಟರಿಗೆ 10 ಮಿಲಿಗ್ರಾಂ ಸಾರತೆ ತರಲು ಬೇಕಾದ ಕ್ಸೈಲೀನ್ 200 ಮಿಲಿಗ್ರಾಂ, ಎಂದರೆ ಕಾಲು ಮಿಲಿಲೀಟರಿಗೂ ಕಡಿಮೆ. ನೀರಿಗಿಂತ ಹಗುರವಾದ ಈ ಹನಿಗಳು ಮೇಲ್ಮೈಯಲ್ಲಿ ತೇಲಿ, ಕರಗುವ ಮೊದಲೇ ಆವಿಯಾಗಬಹುದು. ಕರಗಿದ ಭಾಗವೂ ತೆರೆದ ತೊಟ್ಟಿಯಿಂದ ಗಂಟೆಗಳಲ್ಲಿ ಗಾಳಿಯನ್ನು ಸೇರುತ್ತದೆ.

ಮೀನಿನ ಉಸಿರಾಟ ಈ ತೊಡಕನ್ನು ಇಮ್ಮಡಿಗೊಳಿಸುತ್ತದೆ. ನೀರಿನ ಆಮ್ಲಜನಕವು ಪರ್ಯಾಪ್ತ ಮಟ್ಟದ ಶೇಕಡಾ 60ಕ್ಕಿಂತ ಕೆಳಗಿಳಿಯಬಾರದೆಂಬುದು ನಿಯಮ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಗುಂಡ್ಲುಪೇಟೆಯಲ್ಲಿ 28 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಲೀಟರಿಗೆ ಸುಮಾರು 7 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. ಅದರ ಶೇಕಡಾ 60 ಎಂದರೆ ಸುಮಾರು 4.2. ಆಮ್ಲಜನಕ ಒದಗಿಸಲು ಗಾಳಿಗುಳ್ಳೆ ಹಾಯಿಸಿದರೆ ಅದು ದ್ರಾವಕವನ್ನು ಹೊತ್ತೊಯ್ಯುತ್ತದೆ. ಹಾಯಿಸದಿದ್ದರೆ ಮೀನು ಉಸಿರುಗಟ್ಟಿ ಸಾಯುತ್ತದೆ, ಸಾವು ದ್ರಾವಕದ ಲೆಕ್ಕಕ್ಕೆ ಸೇರುತ್ತದೆ. ಇದಕ್ಕಿರುವ ಪರಿಹಾರ ಮೂರು ತೆರನಾದುದು: ಬಾಯಿಮಟ್ಟ ತುಂಬಿ ಮುಚ್ಚಿದ ಗಾಜಿನ ಪಾತ್ರೆಗಳನ್ನು ಬಳಸುವುದು, ಲೀಟರ್ ನೀರಿಗೆ ಇಷ್ಟು ತೂಕದ ಮೀನೆಂಬ ಮಿತಿಯನ್ನೂ ತಗ್ಗಿಸಿ ಕೆಲವೇ ಚಿಕ್ಕ ಮೀನುಗಳನ್ನು ಇರಿಸುವುದು, ಹೊಸ ದ್ರಾವಣವನ್ನು ದಿನಕ್ಕೊಮ್ಮೆಯಾದರೂ ಬದಲಿಸುವುದು, ಸಾಧ್ಯವಿದ್ದಲ್ಲಿ ಎಡೆಬಿಡದೆ ಹರಿಸುವುದು.

ಇಷ್ಟಾದರೂ ಅಳತೆಯಿಲ್ಲದೆ ತೃಪ್ತಿಪಡುವಂತಿಲ್ಲ. ದ್ರಾವಣ ಬದಲಿಸುವ ಮುನ್ನವೂ ಬದಲಿಸಿದ ಮೇಲೂ ಮಾದರಿ ತೆಗೆದು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಿಂದ ಸಾರತೆಯನ್ನು ಕಂಡುಕೊಳ್ಳಬೇಕು. ಉದಾಹರಣೆಗೆ, ಹಾಕಿದಾಗ 20 ಮಿಲಿಗ್ರಾಂ ಇದ್ದ ಸಾರತೆ ಒಂದು ದಿನದಲ್ಲಿ 5ಕ್ಕೆ ಇಳಿದಿದ್ದರೆ ಮೀನು ಅನುಭವಿಸಿದ್ದು 20 ಅಲ್ಲ. ಗುಣೋತ್ತರ ಸರಾಸರಿಯ ಪ್ರಕಾರ 10. ವರದಿಯಲ್ಲಿ 20 ಎಂದು ಬರೆದರೆ ವಿಷತ್ವವನ್ನು ಅರ್ಧಕ್ಕೆ ಇಳಿಸಿ ಹೇಳಿದಂತಾಯಿತು. ಈ ಅಂತರ ಕಾಲ್ಪನಿಕವಲ್ಲ. 1978ರಲ್ಲಿ ಅಲೆಗ್ಸಾಂಡರ್ ಮತ್ತು ಸಂಗಡಿಗರು ಫ್ಯಾಟ್‌ಹೆಡ್ ಮಿನ್ನೋ ಮೀನಿನ ಮೇಲೆ ಕ್ಲೋರಿನ್‌ಯುಕ್ತ ದ್ರಾವಕಗಳನ್ನು ಎರಡೂ ವಿಧಾನಗಳಲ್ಲಿ ಪರೀಕ್ಷಿಸಿದರು. ಟ್ರೈಕ್ಲೋರೋಎಥಿಲೀನ್‌ನ ಅರ್ಧಮಾರಕ ಸಾರತೆ ನಿಂತ ನೀರಿನಲ್ಲಿ 66.8 ಮಿಲಿಗ್ರಾಂ, ಹರಿಯುವ ದ್ರಾವಣದಲ್ಲಿ 40.7, ಡೈಕ್ಲೋರೋಮೀಥೇನ್‌ನದು ಕ್ರಮವಾಗಿ 310 ಮತ್ತು 193. ಮೀನೂ ಅದೇ, ದ್ರಾವಕವೂ ಅದೇ; ವಿಧಾನ ಬದಲಾದುದರಿಂದ ಅಂಕಿ ಒಂದೂವರೆ ಪಟ್ಟಿಗೂ ಮಿಕ್ಕಿ ಬದಲಾಯಿತು.

ಕಾನೂನಿನ ಮಾನದಂಡ

1974ರ ಜಲ ಕಾಯಿದೆಯೂ ಅದೇ ವರ್ಷ ಸ್ಥಾಪನೆಯಾದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೂ ಈ ವಿಷಯಕ್ಕೆ ಆಡಳಿತದ ಚೌಕಟ್ಟನ್ನು ಒದಗಿಸಿದವು. 1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೆಯ ಅನುಸೂಚಿಯಲ್ಲಿ ತ್ಯಾಜ್ಯನೀರಿನ ಸಾಮಾನ್ಯ ಮಾನದಂಡಗಳ ಜೊತೆಗೆ ಮೀನಿನ ಪರೀಕ್ಷೆಯೂ ಸೇರಿದೆ. ಸಂಸ್ಕರಿಸಿದ ತ್ಯಾಜ್ಯನೀರನ್ನು ತೆಳುಗೊಳಿಸದೆ ಬಳಸಿದಾಗ 96 ಗಂಟೆಗಳ ಬಳಿಕವೂ ಶೇಕಡಾ 90ರಷ್ಟು ಮೀನುಗಳು ಬದುಕಿರಬೇಕು ಎಂಬುದು ಅದರ ಆಶಯ. ಭಾರತೀಯ ಮಾನಕ ಬ್ಯೂರೋದ 6582 ಸಂಖ್ಯೆಯ ಮಾನಕವು ವಿಧಾನವನ್ನು ನಿರೂಪಿಸುತ್ತದೆ. 2001ರಲ್ಲಿ ಜೀಬ್ರಾ ಮೀನನ್ನು ಬಳಸುವ ಭಾಗ ಅದಕ್ಕೆ ಸೇರಿತು.

ಒಂದೊಂದೇ ರಾಸಾಯನಿಕವನ್ನು ಹುಡುಕದೆ, ಬೆರಕೆ ನೀರಿನ ಒಟ್ಟು ಪರಿಣಾಮವನ್ನು ಜೀವಿಯಿಂದಲೇ ತಿಳಿಯುವ ಈ ನಿಯಮ ವಿವೇಕಯುತವಾದುದು. ಆದರೆ ತ್ಯಾಜ್ಯನೀರಿನಲ್ಲಿ ದ್ರಾವಕವಿದ್ದರೆ ಫಲಿತಾಂಶವು ಮಾದರಿಯನ್ನು ಸಂಗ್ರಹಿಸಿದ ಬಗೆಯನ್ನು ಅವಲಂಬಿಸುತ್ತದೆ. ಅರ್ಧ ತುಂಬಿದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬಿಸಿಲಲ್ಲಿ ಸಾಗಿಸಿ, ಪ್ರಯೋಗಶಾಲೆಯಲ್ಲಿ ಗಾಳಿಗುಳ್ಳೆ ಹಾಯಿಸಿ, ತೆರೆದ ತೊಟ್ಟಿಗೆ ಸುರಿದ ನೀರಿನಲ್ಲಿ ಮೀನು ಸುಖವಾಗಿ ಈಜೀತು. ಹೊರಬಿಟ್ಟ ನೀರು ನಿರಪಾಯಕಾರಿ ಎಂಬುದಕ್ಕೆ ಅದು ಸಾಕ್ಷಿಯಾಗದು. ದ್ರಾವಕ ದಾರಿಯಲ್ಲೇ ಹಾರಿಹೋಯಿತು ಎಂಬುದಕ್ಕಷ್ಟೇ ಸಾಕ್ಷಿಯಾದೀತು. ಗಾಜಿನ ಸೀಸೆಯಲ್ಲಿ ಬಾಯಿಮಟ್ಟ ತುಂಬಿ, ತಂಪಾಗಿರಿಸಿ, ತಡಮಾಡದೆ ಪರೀಕ್ಷೆಗೆ ಒಳಪಡಿಸಿದ ಮಾದರಿಗೆ ಮಾತ್ರ ಬೆಲೆಯಿದೆ.

ಮೀನು ಸತ್ತ ಕೆರೆಯ ತಪಾಸಣೆಗೂ ಈ ಮಾತು ಸಲ್ಲುತ್ತದೆ. 2016ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಕಂಡಂಥ ಸಾಮೂಹಿಕ ಸಾವುಗಳಿಗೆ ಕೊಳಚೆನೀರು ಮತ್ತು ಆಮ್ಲಜನಕದ ಕೊರತೆ ಸಾಮಾನ್ಯ ಕಾರಣ. ಅಂಥ ಸಾವು ಹೆಚ್ಚಾಗಿ ಬೆಳಗಿನ ಜಾವದಲ್ಲಿ ಸಂಭವಿಸುತ್ತದೆ. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಕೊರವ ಮೀನು ಬದುಕಿ ಉಳಿಯುತ್ತದೆ. ಕೊರವವೂ ಸತ್ತಿದ್ದರೆ, ಹಗಲಿನಲ್ಲೇ ಮೀನುಗಳು ವಾಲಿ ಈಜುತ್ತಿದ್ದರೆ ವಿಷವನ್ನು ಶಂಕಿಸಲು ಕಾರಣವಿದೆ. ದ್ರಾವಕವಾದರೆ ಮರುದಿನದ ಮಾದರಿಯಲ್ಲಿ ಅದರ ಸುಳಿವು ಸಿಗದಿರಬಹುದು.

ಅಂಕಿಯ ಮಿತಿಗಳು

ಅರ್ಧಮಾರಕ ಸಾರತೆಯು ಸುರಕ್ಷಿತ ಮಿತಿಯಲ್ಲ. ಅರ್ಧದಷ್ಟು ಮೀನು ಸಾಯುವ ಮಟ್ಟ. ಬೆಳವಣಿಗೆ, ಮೊಟ್ಟೆಯಿಡುವಿಕೆಗಳ ಮೇಲಿನ ಪರಿಣಾಮಗಳನ್ನು ಅದು ಹೇಳುವುದಿಲ್ಲ. ಅಲ್ಪಾವಧಿ ಫಲಿತಾಂಶ ಮಾತ್ರ ಲಭ್ಯವಿದ್ದಾಗ ಯೂರೋಪಿನ ಅಪಾಯ ನಿರ್ಣಯ ಪದ್ಧತಿಯಲ್ಲಿ ಅದನ್ನು ಸಾವಿರದಿಂದ ಭಾಗಿಸಿ ಸುರಕ್ಷಿತ ಮಟ್ಟವನ್ನು ಅಂದಾಜಿಸುತ್ತಾರೆ. ಹಾಗೆ ಮಾಡಿದರೆ ಲೀಟರಿಗೆ 10 ಮಿಲಿಗ್ರಾಂ ಎಂಬುದು 0.01ಕ್ಕೆ ಇಳಿಯುತ್ತದೆ.

ಮೀನು ಬದುಕಿರುವ ನೀರು ಕುಡಿಯಲು ಯೋಗ್ಯವೆಂಬ ನಂಬಿಕೆಯೂ ಪರಿಶೀಲನಾರ್ಹ. ಕುಡಿಯುವ ನೀರಿನಲ್ಲಿ ಕ್ಸೈಲೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಾರ್ಗದರ್ಶಿ ಬೆಲೆ ಲೀಟರಿಗೆ 0.5 ಮಿಲಿಗ್ರಾಂ. ಮೀನಿನ ಅರ್ಧಮಾರಕ ಸಾರತೆ ಅದರ ಇಪ್ಪತ್ತು ಪಟ್ಟು. ಎಂದರೆ ಮನುಷ್ಯನಿಗೆ ಸಲ್ಲದ ನೀರಿನಲ್ಲೂ ಮೀನು ಈಜಾಡುತ್ತಿರಬಹುದು.

ಪರೀಕ್ಷೆಗೆ ಆರಿಸುವ ಮೀನಿನ ಪ್ರಶ್ನೆ ಮೂರನೆಯದು. ಜೀಬ್ರಾ ಮೀನು 21ರಿಂದ 25 ಡಿಗ್ರಿಯಲ್ಲಿ ಪರೀಕ್ಷೆಗೊಳಗಾಗುತ್ತದೆ. ಈ ಸೀಮೆಯ ಕೆರೆಗಳು ಬೇಸಿಗೆಯಲ್ಲಿ ಅದನ್ನು ಮೀರಿ ಕಾಯುತ್ತವೆ. ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದ ದಕ್ಷಿಣ ಅಂಚಿನಲ್ಲಿ ಹರಿಯುವ ಮೋಯಾರ್ ನದಿಯಲ್ಲಿ ಕಾವೇರಿ ಕೊಳ್ಳಕ್ಕಷ್ಟೇ ಸೀಮಿತವಾದ ಗೂನುಬೆನ್ನಿನ ಮಹಸೀರ್ ನೆಲೆಸಿದೆ. 2018ರಲ್ಲಿ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯದ ವರ್ಗಕ್ಕೆ ಸೇರಿದ ಅಂಥ ಮೀನನ್ನು ಹಿಡಿದು ಪರೀಕ್ಷಿಸುವುದು ಅಸಾಧುವಾದ್ದರಿಂದ ಅದರ ರಕ್ಷಣೆಗೆ ಇತರ ಮೀನುಗಳ ಅಂಕಿಯನ್ನೇ ಆಧರಿಸಬೇಕಾಗುತ್ತದೆ. ಆ ಅಂಕಿ ದೋಷಯುಕ್ತವಾದರೆ ತೊಂದರೆ ಪರೀಕ್ಷೆಗೊಳಗಾದ ಮೀನಿಗಷ್ಟೇ ಸೀಮಿತವಾಗುವುದಿಲ್ಲ. ಮೀನುಗಳ ಬಳಕೆಯನ್ನು ತಗ್ಗಿಸಲು 2013ರಲ್ಲಿ ಒಇಸಿಡಿ ಅಂಗೀಕರಿಸಿದ ಜೀಬ್ರಾ ಮೀನಿನ ಭ್ರೂಣ ಪರೀಕ್ಷೆಯೂ ಈಗ ಲಭ್ಯವಿದೆ. ಆದರೆ ಚಿಕ್ಕ ಗುಳಿಗಳ ತಟ್ಟೆಯಲ್ಲಿ ನಡೆಯುವ ಆ ಪರೀಕ್ಷೆಯಲ್ಲಿಯೂ ಆವಿಯಾಗುವ ದ್ರಾವಕದ ತೊಡಕು ಹಾಗೆಯೇ ಉಳಿಯುತ್ತದೆ.

ಉಪಸಂಹಾರ

ದ್ರಾವಕದ ಮೀನುವಿಷತ್ವವನ್ನು ತಿಳಿಸುವ ವರದಿಯಲ್ಲಿ ಮೊದಲು ನೋಡಬೇಕಾದುದು ಅಂಕಿಯನ್ನಲ್ಲ. ಆ ಅಂಕಿ ಹಾಕಿದ ಸಾರತೆಯದೋ ಅಳೆದ ಸಾರತೆಯದೋ ಎಂಬುದನ್ನು. ಆ ಬಳಿಕ ತೊಟ್ಟಿ ತೆರೆದಿತ್ತೋ ಮುಚ್ಚಿತ್ತೋ, ಆಮ್ಲಜನಕ ಎಷ್ಟಿತ್ತು, ಮಾದರಿ ಹೇಗೆ ಬಂದಿತು ಎಂಬುದನ್ನು ಪರಿಶೀಲಿಸಬೇಕು. ಬೇರಂಬಾಡಿಯಲ್ಲಿ ಅಂತರ್ಜಲಕ್ಕೆ ದೊರೆತಂಥ ದೀರ್ಘಕಾಲದ ವೀಕ್ಷಣೆ ಈ ಸೀಮೆಯ ಕೆರೆನೀರಿಗೂ ದೊರೆತು, ಸ್ಥಳೀಯ ಕೆರೆಯ ನೀರಿನಲ್ಲಿ, ಸ್ಥಳೀಯ ಉಷ್ಣತೆಯಲ್ಲಿ, ಇಲ್ಲಿ ಬೆಳೆಸುವ ರೋಹು, ಗೆಂಡೆ ಮರಿಗಳ ಮೇಲೆ ಅಳೆದ ಸಾರತೆಯ ಪರೀಕ್ಷೆಗಳು ನಡೆದಲ್ಲಿ ಅವು ಮೀನುಗಾರರ ಸಹಕಾರ ಸಂಘಗಳಿಗೂ ಮಂಡಳಿಗೂ ನೇರವಾಗಿ ಉಪಯುಕ್ತವಾಗುತ್ತವೆ. ಹರಿವಿಲ್ಲದ ಸೀಮೆಯಲ್ಲಿ ಕೆರೆಗೆ ಬಿದ್ದ ತಪ್ಪನ್ನು ನದಿ ತೊಳೆದು ಒಯ್ಯುವುದಿಲ್ಲ. ಆದ್ದರಿಂದ ಅಳತೆಯ ನಿಖರತೆ ಇಲ್ಲಿ ಉಳಿದ ಕಡೆಗಳಿಗಿಂತ ಹೆಚ್ಚು ಅಗತ್ಯವಾಗಿದೆ.